ಪುಣೆಯ ಕೋಥ್ರೂಡ್‌ನ ಸಿನೆಮಾ ದಿನಚರಿ: ಜೂನ್‌ನಿಂದ ಆಗಸ್ಟ್‌ವರೆಗೆ

ಈ ಮಳೆಗಾಲಕ್ಕೆ ಹದಿನಾಲ್ಕು ಚಿತ್ರಗಳ ಪಟ್ಟಿ ಹಾಕಿಕೊಂಡಿದ್ದೆವು. ಆಗಸ್ಟ್ ಕೊನೆಗೆ ಒಂಬತ್ತರ ದಾಖಲೆ ಪೂರ್ತಿಯಾಗಿದೆ. ಮೂರನ್ನು ಒಮ್ಮೆ ನೋಡಿ ಎರಡನೇ ನೋಟಕ್ಕೆ ಇಟ್ಟಿದ್ದೇವೆ. ಎರಡು ಹಾಗೇ ಉಳಿದಿವೆ.

ದಿನಚರಿಯ ಪುಟವನ್ನೇ ಈ ಸಲ ಬದಲಿಸಿದ್ದೇವೆ. ಮೊದಲು ಪುಟದ ತಲೆಗೆ ಚಿತ್ರದ ಹೆಸರು, ನಿರ್ದೇಶಕ, ಇಸವಿ. ಅದರ ಕೆಳಗೆ ನೇರವಾಗಿ ಅನಿಸಿಕೆ. ಈಗ ಹೆಸರಿನ ಪಕ್ಕದಲ್ಲೇ ನೋಡಿದ ಪ್ರತಿಯ ವಿವರ ಬರುತ್ತದೆ: ಎಷ್ಟು ನಿಮಿಷ, ಚೌಕಟ್ಟಿನ ಅಗಲ ಎತ್ತರಗಳ ಪ್ರಮಾಣ ಎಷ್ಟು, ಓಡಿದ ವೇಗ ಯಾವುದು, ಸಬ್‌ಟೈಟಲ್ ಯಾವ ಭಾಷೆಯದು. ಒಂದೇ ಹೆಸರಿನಲ್ಲಿ ಮೂರು ನಾಲ್ಕು ಬಗೆಯ ಪ್ರತಿಗಳು ಓಡಾಡುತ್ತಿರುವಾಗ, ಯಾವುದನ್ನು ನೋಡಿದ್ದು ಎಂದು ಬರೆಯದ ಅನಿಸಿಕೆಗೆ ನೆಲೆ ಸಿಗುವುದಿಲ್ಲ.

ಈ ಬದಲಾವಣೆಗೆ ಕಾರಣ ಕಾರ್ಲ್ ಡ್ರೇಯರ್‌ನ 1928ರ ‘ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’. ನಮ್ಮಲ್ಲೇ ಒಂದು ಪುಟದಲ್ಲಿ 82 ನಿಮಿಷ ಅಂತ ಇತ್ತು, ಇನ್ನೊಂದರಲ್ಲಿ 97. ಯಾವುದೋ ಒಂದು ಪ್ರತಿಯಲ್ಲಿ ಕಾಲು ಗಂಟೆ ಕತ್ತರಿಸಿದ್ದಾರೆ ಎಂದು ಅನಿಸುವುದು ಸಹಜ. ಆದರೆ ಎರಡರಲ್ಲೂ ಇರುವುದು ಅದೇ ಚಿತ್ರ, ಅವೇ ಶಾಟ್‌ಗಳು. ಒಂದು ಸೆಕೆಂಡಿಗೆ 24 ಫ್ರೇಮಿನಲ್ಲಿ ಓಡುತ್ತದೆ, ಇನ್ನೊಂದು 20ರಲ್ಲಿ. ಮೂಕಿ ಕಾಲದಲ್ಲಿ ಕ್ಯಾಮರಾದ ಹಿಡಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದುದರಿಂದ ವೇಗ ಒಂದೇ ಸಮ ಇರಲಿಲ್ಲ. 24 ಎಂಬುದು ಗಟ್ಟಿಯಾದದ್ದು ಧ್ವನಿ ಬಂದ ಮೇಲೆ. 24ರಲ್ಲಿ ಹತ್ತು ಸೆಕೆಂಡು ನಿಲ್ಲುವ ಶಾಟ್ 20ರಲ್ಲಿ ಹನ್ನೆರಡು ಸೆಕೆಂಡು ನಿಲ್ಲುತ್ತದೆ. ಜೋನ್ ಆಗಿ ನಟಿಸಿದ ಫಾಲ್ಕನೆಟ್ಟಿಯ ಮುಖವನ್ನೇ ನೆಚ್ಚಿಕೊಂಡ ಚಿತ್ರದಲ್ಲಿ ಆ ಎರಡು ಸೆಕೆಂಡು ಬಹಳ ದೊಡ್ಡದು. ರೆಪ್ಪೆ ಬಡಿಯುವುದು, ಕಣ್ಣೀರು ಕೆನ್ನೆಗಿಳಿಯುವುದು, ನ್ಯಾಯಾಧೀಶರ ತಲೆ ಇತ್ತ ಹೊರಳುವುದು, ಎಲ್ಲದರ ತೂಕವೂ ಬೇರೆಯಾಗುತ್ತದೆ. 20ರ ಪ್ರತಿಯಲ್ಲಿ ಮುಖಗಳಿಗೆ ಉಸಿರಾಡಲು ಜಾಗ ಸಿಗುತ್ತದೆ ಎಂಬುದು ನಮ್ಮ ತೀರ್ಮಾನ. ಮೊದಲ ಸಲ ನೋಡುವವರು ಅದರಿಂದಲೇ ಶುರು ಮಾಡಲಿ. ಮೂಲ ನೆಗೆಟಿವ್ 1928ರಲ್ಲೇ ಬೆಂಕಿಗೆ ಹೋಗಿತ್ತು. 1981ರಲ್ಲಿ ಓಸ್ಲೋದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಹಳೆಯ ಪ್ರಿಂಟ್ ಸಿಕ್ಕಿರದಿದ್ದರೆ ಈ ಲೆಕ್ಕಾಚಾರಕ್ಕೆ ಎಡೆಯೇ ಇರುತ್ತಿರಲಿಲ್ಲ.

ಲೆಕ್ಕ ಸುಲಭ. 35 ಎಂಎಂ ಫಿಲ್ಮಿನ ಒಂದು ಅಡಿಗೆ 16 ಫ್ರೇಮು. ಅಡಿಯನ್ನು 16ರಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಸೆಕೆಂಡು ಬರುತ್ತದೆ. ಸಾವಿರ ಅಡಿಯ ರೀಲು ಸೆಕೆಂಡಿಗೆ 16 ಫ್ರೇಮಿನಂತೆ ಓಡಿದರೆ 16 ನಿಮಿಷ 40 ಸೆಕೆಂಡು, 20ರಂತೆ 13 ನಿಮಿಷ 20 ಸೆಕೆಂಡು, 24ರಂತೆ 11 ನಿಮಿಷಕ್ಕೆ ಸ್ವಲ್ಪ ಮೇಲೆ. ಮೂಕಿ ಚಿತ್ರಗಳ ಉದ್ದವನ್ನು ಹಳೆಯ ಪಟ್ಟಿಗಳಲ್ಲಿ ಅಡಿ ಅಥವಾ ಮೀಟರಿನಲ್ಲಿ ಕೊಡುವುದು ಇದಕ್ಕೇ. ನಿಮಿಷ ಬದಲಾಗಬಹುದು, ಅಡಿ ಬದಲಾಗುವುದಿಲ್ಲ.

ಧ್ವನಿ ಇರುವ ಚಿತ್ರಗಳಲ್ಲೂ ಇಂಥದ್ದೊಂದು ಮೋಸವಿದೆ. ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗಳಲ್ಲಿ 24 ಫ್ರೇಮಿನ ಚಿತ್ರವನ್ನು ಸೆಕೆಂಡಿಗೆ 25ರಂತೆ ಓಡಿಸುತ್ತಾರೆ. ‘ಸೆವೆನ್ ಸಮುರಾಯ್’ 207 ನಿಮಿಷ. ಆ ಡಿಸ್ಕಿನಲ್ಲಿ 199ಕ್ಕೂ ಕೊಂಚ ಕಡಿಮೆ. ಏನೂ ಕತ್ತರಿಸಿಲ್ಲ, ಎಲ್ಲವೂ ನೂರಕ್ಕೆ ನಾಲ್ಕರಷ್ಟು ಬೇಗ ಓಡಿದೆ. ಹಾಗೆಂದು ಪ್ರತಿ ವ್ಯತ್ಯಾಸಕ್ಕೂ ಪಾಲ್ ಕಾರಣ ಎನ್ನಬಾರದು, ಈ ಚಿತ್ರವನ್ನು ಹೊರದೇಶಗಳಲ್ಲಿ ನಿಜವಾಗಿಯೂ ಕತ್ತರಿಸಿ ತೋರಿಸಿದ್ದರು. ನಿಮಿಷವನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿ ನೋಡಿ. ಉತ್ತರ 207ರ ಹತ್ತಿರ ಬಂದರೆ ಪ್ರತಿ ಪೂರ್ತಿ ಇದೆ.

ಚೌಕಟ್ಟಿನ ಪರೀಕ್ಷೆಗೆ ಈ ಮೂರು ತಿಂಗಳಲ್ಲಿ ಹೆಚ್ಚು ನೆರವಾದದ್ದು ದರ್ಜಿಯ ಟೇಪು. 43 ಇಂಚಿನ ಟಿವಿ ಪರದೆ ಸುಮಾರು 95 ಸೆಂಮೀ ಅಗಲ, 53.5 ಸೆಂಮೀ ಎತ್ತರ. 1.37ರ, ಅಂದರೆ ಎತ್ತರದ 1.37 ಪಟ್ಟು ಅಗಲದ, ಹಳೆಯ ಚಿತ್ರ ಅದರಲ್ಲಿ 73 ಸೆಂಮೀ ಅಗಲವಾಗಿ ನಿಲ್ಲಬೇಕು, ಎರಡೂ ಪಕ್ಕ ಕಪ್ಪು ಪಟ್ಟಿ ಉಳಿಯಬೇಕು. ಸಿನೆಮಾಸ್ಕೋಪ್ (2.35) ಆದರೆ ಅಗಲ ಪೂರ್ತಿ, ಎತ್ತರ 40 ಸೆಂಮೀ. ಪರದೆ ತುಂಬಲಿ ಎಂದು ಜೂಮ್ ಒತ್ತಿದರೆ 1.37ರ ಚಿತ್ರದ ಎತ್ತರದಲ್ಲಿ ನೂರಕ್ಕೆ 23 ಪಾಲು ಹೋಗುತ್ತದೆ. ಎಳೆದು ಹಿಗ್ಗಿಸಿದರೆ ಏನೂ ಕಳೆಯುವುದಿಲ್ಲ, ಆದರೆ ಎಲ್ಲರೂ ಮೂವತ್ತು ಪಾಲು ದಪ್ಪಗಾಗುತ್ತಾರೆ. ಹಿಗ್ಗಿದೆಯೋ ಇಲ್ಲವೋ ಎಂದು ತಿಳಿಯಲು ‘ಬೈಸಿಕಲ್ ಥೀವ್ಸ್’ಗಿಂತ ಒಳ್ಳೆಯ ಚಿತ್ರವಿಲ್ಲ. ಸೈಕಲ್ಲು ಪಕ್ಕಕ್ಕೆ ನಿಂತ ಯಾವುದಾದರೂ ಶಾಟಿನಲ್ಲಿ ತಡೆದು ಚಕ್ರ ಅಳೆಯಿರಿ. ಅಡ್ಡ ಉದ್ದ ಒಂದೇ ಬರಬೇಕು.

ಫ್ರಿಟ್ಜ್ ಲಾಂಗ್‌ನ ‘ಎಂ’ (1931) ಟೇಪು ಹಿಡಿದವರನ್ನೂ ಗೊಂದಲಕ್ಕೆ ಕೆಡಹುತ್ತದೆ. ಚಿತ್ರ 64 ಸೆಂಮೀ ಅಗಲ ಮಾತ್ರ ನಿಲ್ಲುತ್ತದೆ, ಹೆಚ್ಚುಕಡಿಮೆ ಚೌಕ. ಅದೇ ಸರಿ. ಮೂಕಿಯ 1.33ರ ಫ್ರೇಮಿನ ಒಂದು ಅಂಚನ್ನು ಧ್ವನಿಯ ಪಟ್ಟಿಗೆ ಬಿಟ್ಟುಕೊಟ್ಟಾಗ ಉಳಿದದ್ದು 1.19. ಕೆಲವೇ ವರ್ಷಗಳಲ್ಲಿ 1.37 ರೂಢಿಗೆ ಬಂತು. 1.19ರ ಚಿತ್ರಗಳನ್ನು ಆ ಅಳತೆಗೆ ಹೊಂದಿಸಿದಾಗ ನೆತ್ತಿ, ಪಾದ ಹೋದವು. ಸರಿಯಾದ ಪ್ರತಿಯಲ್ಲಿ ಬಾಲಕಿ ಎಲ್ಸಿ ಮನೆಗೆ ಬಾರದ ಭಾಗ ನೋಡಿ. ತಾಯಿ ಕೂಗುತ್ತಾಳೆ. ಉತ್ತರಕ್ಕೆ ಬರುವುದು ಬರಿದಾದ ಮಹಡಿ ಮೆಟ್ಟಿಲು, ಬಟ್ಟೆ ಒಣಹಾಕಿದ ಅಟ್ಟ, ಮೇಜಿನ ಮೇಲೆ ಮುಟ್ಟದ ತಟ್ಟೆ, ಪೊದೆಯಿಂದ ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕ ಬಲೂನು. ಮನುಷ್ಯರಿಲ್ಲದ ಐದು ಚೌಕಟ್ಟುಗಳು. ಕೊಲೆಯನ್ನು ತೋರಿಸಲೇ ಇಲ್ಲ, ತೋರಿಸುವ ಅಗತ್ಯವೂ ಉಳಿಯಲಿಲ್ಲ. ಮೇಲೂ ಕೆಳಗೂ ಕತ್ತರಿಸಿದ ಪ್ರತಿಯಲ್ಲಿ ಆ ಮೆಟ್ಟಿಲುಗಳಿಗೆ ಈ ಆಳ ಬರುವುದಿಲ್ಲ.

ಟಿವಿಯ ಮೆನುವಿನಲ್ಲಿ ಮೂರು ಕೆಲಸ ಮೊದಲೇ ಮುಗಿಸಬೇಕು. ಚಲನೆ ನುಣುಪಾಗಿಸುವ ಆಯ್ಕೆ, ಅಂದರೆ ಮೋಷನ್ ಸ್ಮೂದಿಂಗ್, ಆಫ್ ಮಾಡಿ. ಇಲ್ಲದ ಫ್ರೇಮುಗಳನ್ನು ಅದು ತಾನೇ ಹುಟ್ಟಿಸಿ ನಡುವೆ ತುಂಬುತ್ತದೆ, 1953ರ ಚಿತ್ರ ಧಾರಾವಾಹಿಯ ಹಾಗೆ ಕಾಣುತ್ತದೆ. ಓವರ್‌ಸ್ಕ್ಯಾನ್ ಆಫ್ ಮಾಡಿ, ಅದು ನಾಲ್ಕೂ ಅಂಚು ತಿನ್ನುತ್ತದೆ. ಶಾರ್ಪ್‌ನೆಸ್ ಇಳಿಸಿ, ಇಲ್ಲದಿದ್ದರೆ ಫಿಲ್ಮಿನ ಕಣಗಳು ಮರಳು ಎರಚಿದಂತೆ ಎದ್ದು ಕಾಣುತ್ತವೆ.

ಸಬ್‌ಟೈಟಲ್ ವಿಷಯಕ್ಕೆ ಎರಡು ಸಂಜೆ ಹಾಳಾದವು. ಫೈಲು ಆರಂಭದಲ್ಲಿ ಸರಿಯಿತ್ತು, ಒಂದು ಗಂಟೆಯ ಹೊತ್ತಿಗೆ ಮಾತಿಗಿಂತ ಎರಡೂವರೆ ನಿಮಿಷ ಮುಂದೆ ಓಡಿತ್ತು. ಇದೂ 25 ಮತ್ತು 24ರ ಜಗಳವೇ. ವಿಎಲ್‌ಸಿ ಪ್ಲೇಯರಿನಲ್ಲಿ ಜಿ, ಎಚ್ ಕೀಲಿಗಳು ಸಬ್‌ಟೈಟಲನ್ನು ಹಿಂದೆ ಮುಂದೆ ಸರಿಸುತ್ತವೆ, ಆದರೆ ಅಂತರ ಕೊನೆಯವರೆಗೂ ಒಂದೇ ಇದ್ದಾಗ ಮಾತ್ರ ಅದು ಸಾಕು. ನೋಡಲು ಕೂರುವ ಮೊದಲೇ ಮೊದಲ ಮಾತನ್ನೂ ಕೊನೆಯ ಮಾತನ್ನೂ ಪರೀಕ್ಷಿಸಿ. ಎರಡು ಕಡೆಯೂ ಅಂತರ ಒಂದೇ ಇದ್ದರೆ ಸರಿಸಿದರಾಯಿತು. ಬೆಳೆಯುತ್ತಾ ಹೋಗಿದ್ದರೆ ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿ ಉಳಿಸಿಕೊಳ್ಳಿ.

ಸಮಯ ಸರಿಹೋದರೂ ಅರ್ಥದಲ್ಲಿ ಸೋರಿಕೆ ಇದ್ದೇ ಇರುತ್ತದೆ. ಒಜುವಿನ ‘ಟೋಕ್ಯೋ ಸ್ಟೋರಿ’ಯಲ್ಲಿ (1953, 136 ನಿಮಿಷ, 1.37) ವಿಧವೆ ಸೊಸೆ ನೊರಿಕೊ ಅತ್ತೆ ಮಾವನನ್ನು ಕರೆಯುವುದು ಅಮ್ಮ, ಅಪ್ಪ ಎಂಬರ್ಥದ ಪದಗಳಿಂದ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಅದು ಎಷ್ಟೋ ಕಡೆ ಕಾಣಿಸುವುದೇ ಇಲ್ಲ. ಅತ್ತೆಗೆ ಅತ್ತೆ ಎಂದೇ ಕರೆಯುವ ಮನೆಗಳಿಂದ ಬಂದ ನಮಗೆ ಆ ಪದ ಕಿವಿಗೆ ಬಿದ್ದ ಕ್ಷಣವೇ ಸಂಬಂಧ ತೆರೆದುಕೊಳ್ಳುತ್ತದೆ. ಆದ್ದರಿಂದ ಎರಡನೇ ನೋಟದಲ್ಲಿ ಸಂಬೋಧನೆಗಳನ್ನು ಕಿವಿಯಿಂದ ಕೇಳಿ ಬರೆಯುತ್ತಿದ್ದೇವೆ. ಹ್ರಸ್ವ ದೀರ್ಘ ಎರಡಕ್ಕೂ ಕನ್ನಡದಲ್ಲಿ ಅಕ್ಷರವಿರುವುದು ಇಲ್ಲಿ ದೊಡ್ಡ ಉಪಕಾರ: ಟೋಕ್ಯೋದಲ್ಲಿ ಎರಡೂ ಓಕಾರ ದೀರ್ಘ, ಒಜುವಿನಲ್ಲಿ ಹ್ರಸ್ವ. ಪಕ್ಕದ ಮರಾಠಿಯ ದೇವನಾಗರಿಯಲ್ಲಿ ಈ ಭೇದ ಬರೆಯಲು ಬರುವುದಿಲ್ಲ.

ಈ ಚಿತ್ರದ ಮೊದಲ ದೃಶ್ಯವನ್ನು ನಾಲ್ಕು ಸಲ ನೋಡಿ ಬರೆದೆವು. ಮುದುಕ ಮುದುಕಿ ಪ್ರಯಾಣಕ್ಕೆ ಗಂಟು ಕಟ್ಟುತ್ತಿದ್ದಾರೆ. ಗಾಳಿ ತುಂಬುವ ದಿಂಬು ಎಲ್ಲಿ? ನಿನ್ನ ಹತ್ತಿರ ಕೊಟ್ಟಿದ್ದೆ ಎನ್ನುತ್ತಾನೆ ಅವನು. ನನ್ನಲ್ಲಿಲ್ಲ, ನಿಮ್ಮಲ್ಲೇ ಇರಬೇಕು ಎನ್ನುತ್ತಾಳೆ ಅವಳು. ಕೊನೆಗೆ ಅದು ಅವನ ಚೀಲದಲ್ಲೇ ಸಿಗುತ್ತದೆ. ಅವನು ತಪ್ಪೊಪ್ಪುವುದಿಲ್ಲ, ಅವಳು ಎತ್ತಿ ಆಡುವುದಿಲ್ಲ. ಕಿಟಕಿಯಾಚೆ ನೆರೆಮನೆಯ ಹೆಂಗಸು ನಿಂತು ಎರಡು ಮಾತಾಡಿ ಹೋಗುತ್ತಾಳೆ. ಚಿತ್ರದ ಕೊನೆಗೆ ಅದೇ ಕಿಟಕಿ, ಅದೇ ಹೆಂಗಸು. ಒಳಗೆ ಮಾತ್ರ ಅವನೊಬ್ಬನೇ. ಚಾಪೆಯ ಮೇಲೆ ಕೂತವರ ಎತ್ತರಕ್ಕೂ ತಗ್ಗಿನಲ್ಲಿ ಕ್ಯಾಮರಾ ಇಟ್ಟಿರುವುದರಿಂದ ಪಕ್ಕದ ಖಾಲಿ ಜಾಗ ಪೂರ್ತಿ ಕಾಣುತ್ತದೆ. ಜೂಮ್ ಒತ್ತಿದ ಟಿವಿಯಲ್ಲಿ ಆ ಚಾಪೆಯ ಅಂಚೇ ಹೋಗಿರುತ್ತದೆ.

ಶಾಟ್ ಎಣಿಕೆಯನ್ನು ಇಡೀ ಚಿತ್ರಕ್ಕೆ ಮಾಡುತ್ತಿಲ್ಲ. ಎರಡನೇ ನೋಟದಲ್ಲಿ ಹತ್ತು ನಿಮಿಷ ಆರಿಸಿ, ಪ್ರತಿ ಕಟ್‌ಗೆ ಒಂದು ಗೀರು, ಐದನೆಯದು ಅಡ್ಡ. 600ನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. 75 ಶಾಟ್ ಬಂದರೆ ಎಂಟು ಸೆಕೆಂಡು. ಕ್ಯಾಮರಾ ಸರಿದದ್ದನ್ನು ಕಟ್ ಎಂದು ಎಣಿಸುವುದು ಸಾಮಾನ್ಯ ತಪ್ಪು. ಮೂಕಿಯಲ್ಲಿ ಬರಹದ ಫಲಕಗಳನ್ನು ಬೇರೆ ಕಾಲಂನಲ್ಲಿ ಹಾಕಿ. ಮೊದಲ ನೋಟದಲ್ಲಿ ಪೆನ್ನು ಮುಟ್ಟುವುದೇ ಬೇಡ.

‘ಸಂತ ತುಕಾರಾಮ್’ (1936) ಪಟ್ಟಿಯಲ್ಲಿ ನಮ್ಮ ಮನೆಗಳಿಗೆ ತೀರಾ ಹತ್ತಿರದ್ದು. ಪ್ರಭಾತ್ ಕಂಪನಿ ಕೊಲ್ಹಾಪುರದಿಂದ ಪುಣೆಗೆ ಬಂದದ್ದು 1933ರಲ್ಲಿ. ಆ ಸ್ಟುಡಿಯೋದ ಜಾಗದಲ್ಲೇ ಈಗ ಸಿನೆಮಾ ಕಲಿಸುವ ಸಂಸ್ಥೆ ಎಫ್‌ಟಿಐಐ ಇದೆ. ಮರಾಠಿ ತಿಳಿದಿರುವುದರಿಂದ ಸಬ್‌ಟೈಟಲ್ ಇಲ್ಲದೆಯೇ ನೋಡಿದೆವು. ಭಕ್ತಿಗಿಂತ ತುಕಾರಾಮರ ಹೆಂಡತಿ ಜಿಜಾಯಿಯ ಸಿಟ್ಟೇ ಪುಟ ತುಂಬಿತು: ಮಗುವಿಗೆ ಹುಷಾರಿಲ್ಲದಾಗ ಚಪ್ಪಲಿ ಹಿಡಿದು ವಿಠೋಬನ ಮುಂದೆ ನಿಲ್ಲುವ ಆ ಪಾತ್ರದ ನಟಿ ಗೌರಿ, ಒಂದು ಕ್ಷಣವೂ ನಟಿಸುತ್ತಿದ್ದಾಳೆ ಅನಿಸುವುದಿಲ್ಲ. ‘ಆಧೀ ಬೀಜ ಏಕಲೇ’ ತುಕಾರಾಮರ ಅಭಂಗವಲ್ಲ, ಚಿತ್ರಕ್ಕಾಗಿ ಶಾಂತಾರಾಮ ಆಠವಲೆ ಬರೆದದ್ದು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇವೆ.

ಹಳೆಯ ಪ್ರತಿ ನೋಡುವಾಗ ಬಲ ಮೇಲ್ಮೂಲೆಯ ಮೇಲೆ ಕಣ್ಣಿಡಿ. ರೀಲು ಮುಗಿಯಲು ಸುಮಾರು ಎಂಟು ಸೆಕೆಂಡು ಇರುವಾಗ ಒಂದು ಚುಕ್ಕೆ, ಕೊನೆಯ ಸೆಕೆಂಡಿನ ಹೊತ್ತಿಗೆ ಇನ್ನೊಂದು ಮಿನುಗಿದರೆ, ಪ್ರೊಜೆಕ್ಟರ್ ಬದಲಿಸುವವನಿಗಾಗಿ ಹಾಕಿದ ಗುರುತು ಅದು. ಸ್ಕ್ಯಾನ್ ಮಾಡಿದ್ದು ನೆಗೆಟಿವ್‌ನಿಂದಲ್ಲ, ಥಿಯೇಟರಿನಲ್ಲಿ ಓಡಿದ ಪ್ರಿಂಟ್‌ನಿಂದ ಎಂಬುದಕ್ಕೆ ಬಹುಮಟ್ಟಿಗೆ ಸಾಕ್ಷಿ.

‘ಘಟಶ್ರಾದ್ಧ’ (1977) ಎರಡನೇ ನೋಟಕ್ಕೆ ಇಟ್ಟಿರುವ ಮೂರರಲ್ಲಿ ಒಂದು. ನೋಡಿದ್ದು ಮಸುಕಾದ ಹಳೆಯ ಪ್ರತಿ, ಎಸ್. ರಾಮಚಂದ್ರರ ಕಪ್ಪು ಬಿಳುಪಿನಲ್ಲಿ ಕಾಡಿನ ಕತ್ತಲೆಗೂ ಯಮುನೆಯ ಕೂದಲಿಗೂ ವ್ಯತ್ಯಾಸ ತಿಳಿಯದಷ್ಟು ಮಸುಕು. ಪುನರುದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ತೆರೆ ಕಂಡಿದೆ. ಅದನ್ನು ದೊಡ್ಡ ಪರದೆಯ ಮೇಲೆ ನೋಡುವವರೆಗೆ ಈ ಪುಟದ ಅನಿಸಿಕೆಯ ಭಾಗ ಖಾಲಿ. ಹುಡುಗ ನಾಣಿ ‘ಯಮುನಕ್ಕ’ ಎನ್ನುವ ಕಡೆಗಳನ್ನು ಮಾತ್ರ ಗುರುತು ಹಾಕಿದ್ದೇವೆ.

ಡಿಸ್ಕುಗಳ ಡಬ್ಬಿಗೆ ಜುಲೈಯಲ್ಲಿ ಬೂಷ್ಟು ಹಿಡಿಯಿತು. ಒರೆಸುವಾಗ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ಅಲ್ಲ. ಟ್ರ್ಯಾಕಿನ ಉದ್ದಕ್ಕೆ ಬಿದ್ದ ಗೀರನ್ನು ಪ್ಲೇಯರ್ ದಾಟಲಾರದು. ಡಬ್ಬಿಗೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದೇವೆ.

ಸೆಪ್ಟೆಂಬರಿಗೆ ‘ದ 400 ಬ್ಲೋಸ್’. ಇದು 2.35ರ ಅಗಲದ ಚಿತ್ರ, ಕೈಯಲ್ಲಿರುವ ಹಳೆಯ ಟಿವಿ ಪ್ರತಿ 1.33. ಅಗಲದ ನೂರಕ್ಕೆ 43 ಪಾಲು ಅಲ್ಲಿಲ್ಲ, ಹುಡುಗ ಕಡಲಿಗೆ ಓಡುವ ಕೊನೆಯ ಭಾಗವಂತೂ ಅರ್ಧಂಬರ್ಧ. ಸರಿಯಾದ ಪ್ರತಿ ಸಿಗದಿದ್ದರೆ ಅದರ ಜಾಗಕ್ಕೆ ‘ರಾಶೊಮೊನ್’ (1950, 88 ನಿಮಿಷ). ಟೇಪು, ಗೀರು ಹಾಳೆ ಎರಡೂ ಟಿವಿಯ ಪಕ್ಕದ ಕಪಾಟಿನಲ್ಲಿವೆ.