ಹಿಂದಿನ ಚಕ್ರದ ಕೆಲಸ: ಬಿಸುವಿನಿಂದ ಆಟಿಯವರೆಗೆ

ಬಿಸು (ಏಪ್ರಿಲ್ ನಡುವಿನ ತುಳುವರ ಹೊಸವರ್ಷ) ಕಳೆದ ವಾರ

ನನ್ನ ಸೈಕಲಿನ ಹಿಂದಿನ ಚಕ್ರದ ಇನ್ನೊಂದು ಕಡ್ಡಿ ಹೋಯಿತು. ಮೊದಲು ಹೋದವುಗಳ ಹಾಗೆ ಇದೂ ಗೇರ್ ಬದಿಯದ್ದು, ಹಬ್‌ನ (ಚಕ್ರದ ನಡುಗುಂಬದ) ಫ್ಲೇಂಜಿನಿಂದ, ಅಂದರೆ ಕಡ್ಡಿ ಸಿಕ್ಕಿಸುವ ತೂತುಗಳಿರುವ ಅಂಚಿನಿಂದ, ಹೊರಬಂದು ಬಾಗುವ ಕುತ್ತಿಗೆಯಲ್ಲೇ ತುಂಡು. ಸೈಕಲ್ ಅಂಗಡಿಯ ಅಣ್ಣ ಹೊಸ ಕಡ್ಡಿ ಹಾಕಿ, ಬೆಂಡ್ ತೆಗೆದು, "ಇನ್ನು ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತದೆ ಮಾರಾಯರೆ, ಚಕ್ರವನ್ನೇ ಬದಲಿಸಿ" ಎಂದರು. ವ್ಯಾಪಾರಕ್ಕಾಗಿ ಹೇಳಿದ ಮಾತಲ್ಲ ಅದು. ಅವರ ಅಂಗಡಿಯಲ್ಲಿ ಇಂಥ ಚಕ್ರ ಮಾರಾಟಕ್ಕೇ ಇಲ್ಲ.

ಅವರು ಹೇಳಿದ್ದರ ಹಿಂದಿನ ಲೆಕ್ಕ ಹೀಗೆ. ಚಕ್ರ ಉರುಳುವಾಗ ನೆಲದ ಕಡೆಗಿರುವ ಕಡ್ಡಿಗಳ ಬಿಗಿತ ಪ್ರತಿ ಸುತ್ತಿಗೂ ಒಮ್ಮೆ ಇಳಿದು ಮತ್ತೆ ಏರುತ್ತದೆ. 27.5 ಇಂಚಿನ ಚಕ್ರ ಕಿಲೋಮೀಟರಿಗೆ ಸುಮಾರು 460 ಸುತ್ತು ಉರುಳುತ್ತದೆ. ಮಣಿಪಾಲದಿಂದ ಹೆಬ್ರಿ ಮುಟ್ಟುವಷ್ಟರಲ್ಲಿ ಒಂದೊಂದು ಕಡ್ಡಿಯೂ ಹನ್ನೆರಡು ಸಾವಿರಕ್ಕೂ ಹೆಚ್ಚು ಸಲ ಈ ಏರಿಳಿತವನ್ನು ತಿಂದಿರುತ್ತದೆ. ಕಟ್ಟುವಾಗಲೇ ಸಡಿಲ ಬಿಟ್ಟ ಚಕ್ರವಾದರೆ ಕಡ್ಡಿ ಪ್ರತಿ ಸುತ್ತಿಗೂ ಪೂರ್ತಿ ಸೋತು, ಕುತ್ತಿಗೆ ಅಲುಗಾಡಿ, ಲೋಹ ದಣಿಯುತ್ತದೆ. ಕಡ್ಡಿ ಮುರಿದರೆ ಬಿಗಿ ಜಾಸ್ತಿಯಾಯಿತು ಎಂದುಕೊಳ್ಳುವವರೇ ಹೆಚ್ಚು. ಬಹುಪಾಲು ಮುರಿಯುವುದು ಬಿಗಿ ಸಾಲದೆ. ಒಂದೇ ದಿನ ಕಟ್ಟಿದ, ಅಷ್ಟೇ ದೂರ ಓಡಿದ ಉಳಿದ ಕಡ್ಡಿಗಳೂ ಅಷ್ಟೇ ದಣಿದಿವೆ. ಅಣ್ಣ ಹೇಳಿದ ಸಾಲು ಮೆರವಣಿಗೆ ಅದೇ.

ಮಂಗಳೂರಿನ ಗೆಳೆಯನಿಂದ ಕಡ್ಡಿಯ ಬಿಗಿತ ಅಳೆಯುವ ಮೀಟರ್ ತಂದು ನೋಡಿದೆ. ಬಲಬದಿಯಲ್ಲಿ ಒಂದು ಕಡ್ಡಿಗೆ 90 ಕೆ.ಜಿ., ಪಕ್ಕದ್ದಕ್ಕೆ 50. ಎಡಬದಿಯ ಕೆಲವು ಕಡ್ಡಿಗಳಿಗೆ ಮೀಟರಿನ ಮುಳ್ಳು ಅಲುಗಲೇ ಇಲ್ಲ. ಕಾರ್ಖಾನೆಯಿಂದ ಹೊರಬಂದ ಮೇಲೆ ಈ ಚಕ್ರವನ್ನು ಯಾರೂ ಕೈಯಿಂದ ಮುಟ್ಟಿ ನೋಡಿದ ಹಾಗೆ ಕಾಣಲಿಲ್ಲ.

ಚಕ್ರ ಬಿಚ್ಚಿದಾಗ ಇನ್ನೊಂದು ವಿಷಯ ಸಿಕ್ಕಿತು: ಆಕ್ಸಲ್ (ಹಬ್‌ನ ನಡುವೆ ಹಾಯುವ ಅಚ್ಚು) ಬಾಗಿದೆ. ಗಾಜಿನ ಮೇಲೆ ಉರುಳಿಸಿದರೆ ಕುಂಟುತ್ತದೆ. ಕಾರಣ ಹಬ್‌ನ ರಚನೆಯಲ್ಲೇ ಇದೆ. ನನ್ನದು ಏಳು ಗೇರಿನ ಗೊಂಚಲನ್ನು (ಫ್ರೀವೀಲ್) ತಿರುಗಿಸಿ ಕೂರಿಸುವ ಹಬ್. ಅದರಲ್ಲಿ ಬಲಗಡೆಯ ಬೇರಿಂಗ್ ಗೇರುಗಳಿಗಿಂತ ಒಳಗೆ, ಚಕ್ರದ ನಡುವಿಗೆ ಹತ್ತಿರ ಕೂತಿರುತ್ತದೆ. ಅಲ್ಲಿಂದ ಫ್ರೇಮಿನ ತನಕ ಹತ್ತಿರ ಹತ್ತಿರ ನಾಲ್ಕು ಸೆಂಟಿಮೀಟರ್ ಆಕ್ಸಲ್‌ಗೆ ಯಾವ ಆಧಾರವೂ ಇಲ್ಲ. ಅದರ ಮೇಲೆ 88 ಕೆ.ಜಿ. ನಾನು, ಬೆನ್ನಿಗೆ ಚೀಲ, ಕೆಳಗೆ ಪರ್ಕಳದ ಆಚೆಯ ಮುರಕಲ್ಲಿನ (ಕೆಂಪುಕಲ್ಲಿನ) ದಾರಿ. ಬಾಗದೆ ಏನು ಮಾಡೀತು?

ಹಾಗಾಗಿ ತೀರ್ಮಾನ: ರಿಮ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಹಬ್‌ನಿಂದಲೇ ಶುರುವಾಗಬೇಕು.

ಪತ್ತನಾಜೆಗೆ (ಮೇ ಕೊನೆಯ ತುಳು ಪರ್ವಕ್ಕೆ) ಮುನ್ನ

ಆಯ್ಕೆಯ ಕೆಲಸ ನಾನು ಅಂದುಕೊಂಡದ್ದಕ್ಕಿಂತ ದೀರ್ಘವಾಯಿತು. ಮೊದಲ ಪ್ರಶ್ನೆ, ಸಿದ್ಧ ಚಕ್ರವೋ ಕಟ್ಟಿಸಿದ ಚಕ್ರವೋ ಎಂಬುದು. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಚಕ್ರಗಳು ನೋಡಲು ಚೆಂದ. ಆದರೆ ಅವುಗಳಲ್ಲಿ ಹಲವಕ್ಕೆ ಕಡ್ಡಿ ಕಡಿಮೆ, ಇರುವ ಕಡ್ಡಿಯೂ ಕುತ್ತಿಗೆ ಬಾಗದ ನೇರ ಜಾತಿಯದ್ದು, ಕೆಲವಕ್ಕೆ ಆ ಕಂಪನಿಯದೇ ಅಳತೆ. ಪೆರ್ಡೂರಿನಲ್ಲಿ ಅಂಥದೊಂದು ಮುರಿದರೆ ಉಡುಪಿ, ಮಂಗಳೂರು ಎರಡೂ ಕಡೆ ಸಿಗುವುದಿಲ್ಲ, ತರಿಸಿಕೊಳ್ಳಬೇಕು. ಬಾಗಿದ ಕುತ್ತಿಗೆಯ 2 ಮಿ.ಮೀ. ಕಡ್ಡಿಯಾದರೆ ಸ್ವಲ್ಪ ಉದ್ದದ್ದನ್ನು ಕತ್ತರಿಸಿ ತುದಿಗೆ ಎಳೆ (ಥ್ರೆಡ್) ಹಾಕಿಯಾದರೂ ಅಂದಿನ ದಿನ ದಾಟಿಸಬಹುದು. ಕಟ್ಟಿದ ಚಕ್ರವೇ ಸರಿ ಎಂದಾಯಿತು.

ಹಬ್: ಗೇರ್ ಗೊಂಚಲು ಜಾರಿ ಕೂರುವ ಕ್ಯಾಸೆಟ್ ಜಾತಿಯದು, ಅದರಲ್ಲಿ ಸಂಶಯವೇ ಇರಲಿಲ್ಲ. ಶಿಮಾನೋ ಹಬ್‌ಗಳಲ್ಲಿ ಬಲಗಡೆಯ ಬೇರಿಂಗ್ ಫ್ರೀಹಬ್‌ನ (ಗೇರ್ ಗೊಂಚಲು ಕೂರುವ ಭಾಗದ) ಹೊರತುದಿಗೆ, ಫ್ರೇಮಿನ ಹತ್ತಿರಕ್ಕೆ ಬರುತ್ತದೆ. ಆಕ್ಸಲ್ ಬಾಗುವ ಕಥೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಫ್ರೇಮಿನ ಒಳ ಅಗಲ ಅಳೆದೆ, 135 ಮಿ.ಮೀ. ಹಳೆಯ ಅಳತೆಯೇ, ಕ್ವಿಕ್ ರಿಲೀಸ್ (ಲಿವರ್ ಅದುಮಿ ಬಿಗಿಯುವ) ಹಬ್ ನೇರವಾಗಿ ಕೂರುತ್ತದೆ. ಈಗಿನ ದುಬಾರಿ ಸೈಕಲ್‌ಗಳ 148 ಮಿ.ಮೀ. ಹಬ್ ಯಾರಾದರೂ ಪುಕ್ಕಟೆ ಕೊಟ್ಟರೂ ನನಗೆ ಉಪಯೋಗವಿಲ್ಲ. ಚಕ್ರ ಕೊಳ್ಳುವವರು ಇಂಚಿನ ಲೆಕ್ಕಕ್ಕಿಂತ ಮೊದಲು ಈ ಅಗಲವನ್ನು ಅಳೆಯಬೇಕು.

ಬೇರಿಂಗ್ ವಿಷಯದಲ್ಲಿ ಗೆಳೆಯನಿಗೂ ನನಗೂ ಒಂದು ಸಂಜೆಯ ಜಗಳವೇ ಆಯಿತು. ಅವನದು ಸೀಲ್ ಮಾಡಿದ ಕಾರ್ಟ್ರಿಜ್ ಬೇರಿಂಗ್‌ನ ಪಕ್ಷ: ಹಾಳಾದರೆ ಬಡಿದು ತೆಗೆದು ಹೊಸದು ಕೂರಿಸಿದರೆ ಮುಗಿಯಿತು, ಹಬ್‌ಗೆ ಏನೂ ಆಗುವುದಿಲ್ಲ. ಮಾತು ನಿಜ. ಸಂಖ್ಯೆ 6001 ಇದ್ದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. 6902ರಂಥ ತೆಳ್ಳಗಿನವು ಅಷ್ಟು ಸುಲಭವಲ್ಲ. ನನ್ನದು ಬಿಡಿ ಗುಂಡುಗಳ, ಅವನ್ನು ಒತ್ತಿ ಹಿಡಿಯುವ ಶಂಕುವಿನಾಕಾರದ ನಟ್‌ನ (ಕೋನ್) ಪಕ್ಷ. ಹಿಂದಿನ ಹಬ್‌ಗೆ ಒಂದೊಂದು ಬದಿಗೆ ಕಾಲಿಂಚಿನ ಒಂಬತ್ತು ಗುಂಡು, ಒಂದು ಜೊತೆ ತೆಳು ಸ್ಪ್ಯಾನರ್, ಗ್ರೀಸ್, ಇಷ್ಟಿದ್ದರೆ ಚಾವಡಿಯಲ್ಲೇ ಕೂತು ಬಿಚ್ಚಿ ಜೋಡಿಸಬಹುದು. ಇದರ ದೌರ್ಬಲ್ಯವೂ ಗೊತ್ತಿದೆ: ನೀರು ಹೊಕ್ಕದ್ದನ್ನು ನೋಡದೆ ಓಡಿಸಿದರೆ ಹಬ್‌ನ ಒಳಗಿನ ಬಟ್ಟಲೇ ಗುಳಿ ಬೀಳುತ್ತದೆ, ಆಮೇಲೆ ಹಬ್ ಗುಜರಿಗೆ. ಬಿಚ್ಚಲು ಬೇಸರಪಡುವವರು ಗೆಳೆಯನ ಮಾತನ್ನೇ ಕೇಳುವುದು ಒಳ್ಳೆಯದು. ನನಗೆ ಬಿಚ್ಚುವುದೇ ಇಷ್ಟ. ಶಿಮಾನೋ ಎಂ475, ಆರು ಬೋಲ್ಟಿನ ಡಿಸ್ಕ್, 32 ತೂತು ಎಂದು ಬರೆದಿಟ್ಟೆ.

ತೂತು 36 ಯಾಕಲ್ಲ ಎಂದು ಅಂಗಡಿಯ ಅಣ್ಣ ಕೇಳಿದರು. ಭಾರದ ಲೆಕ್ಕದಲ್ಲಿ 36 ಖಂಡಿತ ಗಟ್ಟಿ. ಆದರೆ ಡಿಸ್ಕ್ ಬ್ರೇಕಿನ 27.5 ಇಂಚಿನ ಒಳ್ಳೆಯ ರಿಮ್ ಹುಡುಕಿದರೆ ಸಿಗುವುದೆಲ್ಲ 32. ನಾಳೆ ಕಲ್ಲಿಗೆ ಬಡಿದು ರಿಮ್ ನೆಗ್ಗಿದರೆ 36 ತೂತಿನದ್ದಕ್ಕೆ ಕಾಯುತ್ತಾ ಕೂರಬೇಕು. ಸಮನಾಗಿ ಬಿಗಿದ 32 ಕಡ್ಡಿ ನನ್ನ ತೂಕಕ್ಕೆ ಸಾಕು.

ರಿಮ್ ಬಗ್ಗೆ ಹೆಚ್ಚು ಬರೆಯಲು ಇಲ್ಲ. ಎರಡು ಗೋಡೆಯ ಅಲ್ಯೂಮಿನಿಯಂ, ಒಳ ಅಗಲ 25 ಮಿ.ಮೀ., ತೂಕ 500 ಗ್ರಾಂ ದಾಟಿರಬೇಕು. ಅದಕ್ಕಿಂತ ಹಗುರದ್ದು ಸ್ಪರ್ಧೆಗೆ ಹೋಗುವವರಿಗೆ. ಟೈರಿನ ಮೇಲೆ ಬರೆದಿರುವ 584 ಎಂಬ ಸಂಖ್ಯೆ (ಟೈರ್ ಕೂರುವ ಜಾಗದ ವ್ಯಾಸ, ಮಿ.ಮೀ.) ರಿಮ್‌ನ ಮೇಲೂ ಇದೆಯೇ ಎಂದು ನೋಡಿಕೊಂಡರೆ ಆಯಿತು. 29 ಇಂಚಿನದ್ದಕ್ಕೆ ಅದು 622, ಹಳೆಯ 26ಕ್ಕೆ 559.

ನಿಪ್ಪಲ್, ಅಂದರೆ ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್, ಹಿತ್ತಾಳೆಯದ್ದೇ ಆಗಬೇಕು. ಇದನ್ನು ಕಡಲತಡಿಯವರು ಯಾರಿಗೂ ಬಿಟ್ಟುಕೊಡಬಾರದು. ಅಲ್ಯೂಮಿನಿಯಂ ನಿಪ್ಪಲ್ ಹಗುರ, ಬಣ್ಣ ಬಣ್ಣದ್ದು ಸಿಗುತ್ತದೆ. ಆದರೆ ಸ್ಟೇನ್‌ಲೆಸ್ ಕಡ್ಡಿಗೆ ಅಂಟಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದು, ಸವೆಯುವುದು ಅಲ್ಯೂಮಿನಿಯಮ್ಮೇ. ಬಿಳಿ ಪುಡಿ ಕಟ್ಟಿ, ಎಳೆ ಕಚ್ಚಿಕೊಂಡು, ಕೀ ಹಾಕಿ ತಿರುಗಿಸಿದರೆ ತಲೆಯೇ ಕಳಚಿ ಬರುತ್ತದೆ. ಪಡುಕೆರೆಯಲ್ಲೋ ಕೋಡಿಬೆಂಗ್ರೆಯಲ್ಲೋ ಸೈಕಲ್ ಓಡಿಸುವವರಿಗೆ ಸಮುದ್ರಕ್ಕೆ ಇಳಿಯದಿದ್ದರೂ ಗಾಳಿಯಲ್ಲೇ ಅಷ್ಟು ಉಪ್ಪಿದೆ.

ಕಡ್ಡಿ: ಎರಡು ತುದಿ 2 ಮಿ.ಮೀ., ನಡು 1.8 ಮಿ.ಮೀ. ನಡು ತೆಳುವಾದದ್ದು ಹೇಗೆ ಹೆಚ್ಚು ಬಾಳುತ್ತದೆ ಎಂದು ಅಣ್ಣನಿಗೆ ನಂಬಿಕೆ ಬರಲಿಲ್ಲ. ತೆಳು ನಡು ತುಸು ಹೆಚ್ಚು ಹಿಗ್ಗುತ್ತದೆ, ಕಲ್ಲಿನ ಹೊಡೆತವನ್ನು ಅಕ್ಕಪಕ್ಕದ ಕಡ್ಡಿಗಳಿಗೂ ಹಂಚುತ್ತದೆ, ಮುರಿಯುವ ಜಾಗವಾದ ಕುತ್ತಿಗೆಗೆ ಪೆಟ್ಟು ಕಡಿಮೆಯಾಗುತ್ತದೆ. "ನೋಡುವ" ಎಂದಷ್ಟೇ ಹೇಳಿದರು.

ಜೂನ್, ಮಳೆ ಹಿಡಿದ ಮೇಲೆ

ಸಾಮಾನು ಬಂದಿದೆ. ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು, ಕ್ಯಾಸೆಟ್ಟೂ ಸೇರಿ. ಗೇರ್ ಬದಲಿಸುವ ಲಿವರ್ ಹಳೆಯದೇ ಸಾಕು: ಏಳು ಗೇರಿನ ಕ್ಯಾಸೆಟ್ ತೆಗೆದುಕೊಂಡು, ಫ್ರೀಹಬ್‌ನಲ್ಲಿ ಉಳಿಯುವ ಜಾಗಕ್ಕೆ 4.5 ಮಿ.ಮೀ. ಸ್ಪೇಸರ್ ಹಿಂದೆ ಹಾಕಿದರೆ ಬಿಗಿಯಾಗಿ ಕೂರುತ್ತದೆ. ಎಂಟು, ಒಂಬತ್ತು ಗೇರಿಗೆ ಏರಿ ಲಿವರ್, ಚೈನು ಎಲ್ಲ ಬದಲಿಸಬೇಕೆಂದು ಹೇಳುವವರು ಈ ಸ್ಪೇಸರನ್ನು ಮರೆತಿರುತ್ತಾರೆ.

ಕಡ್ಡಿ ತರಿಸುವ ಮೊದಲು ರಿಮ್‌ನ ಒಳವ್ಯಾಸವನ್ನು ಸ್ವತಃ ಅಳೆದಿದ್ದೆ. ಎದುರುಬದುರು ತೂತುಗಳಿಗೆ ನಿಪ್ಪಲ್ ಹಾಕಿದ ಎರಡು ತುಂಡು ಕಡ್ಡಿ ತೂರಿಸಿ ಎಳೆದು, ನಡುವಿನ ಅಂತರ ಕೂಡಿಸಬೇಕು. 564 ಮಿ.ಮೀ. ಬಂತು. ಹಬ್‌ನ ಫ್ಲೇಂಜಿನ ತೂತುಗಳ ವೃತ್ತ 61 ಮಿ.ಮೀ. ಒಂದೊಂದು ಕಡ್ಡಿಯೂ ಬೇರೆ ಮೂರು ಕಡ್ಡಿಗಳನ್ನು ಅಡ್ಡ ಹಾಯುವ ಹೆಣಿಗೆಗೆ ಲೆಕ್ಕ ಹಾಕಿದರೆ ಎಡಕ್ಕೆ 272.5, ಬಲಕ್ಕೆ 271ರ ಸುಮಾರು. ಎರಡು ಬದಿಗೂ 272ನ್ನೇ ತರಿಸಿದೆ. ಒಂದು ಮಿಲಿಮೀಟರ್ ಉದ್ದವಾದರೆ ತೊಂದರೆಯಿಲ್ಲ, ಬಿಡಿ ಕಡ್ಡಿ ಇಟ್ಟುಕೊಳ್ಳುವುದೂ ಒಂದೇ ಅಳತೆಯದ್ದಾಗುತ್ತದೆ.

ಹೊರಗೆ ಧೋ ಎಂದು ಮಳೆ, ಒಳಗೆ ಚಾವಡಿಯಲ್ಲಿ ಹೆಣಿಗೆ. ಎಳೆಗಳಿಗೆ ಬಡಗಿಗಳು ಮರಕ್ಕೆ ಹಚ್ಚುವ ಅಗಸೆ ಎಣ್ಣೆ ಸವರಿದೆ. ಬಿಗಿಯುವಾಗ ನುಣುಪು, ಒಣಗಿದ ಮೇಲೆ ಹಿಡಿತ, ಎರಡೂ ಅದರಿಂದಲೇ. ಸೈಕಲನ್ನು ತಲೆಕೆಳಗು ಮಾಡಿ, ಫ್ರೇಮಿಗೆ ಎರಡು ಪ್ಲಾಸ್ಟಿಕ್ ಪಟ್ಟಿ ಬಿಗಿದು ಅವುಗಳ ತುದಿಯನ್ನು ರಿಮ್‌ನ ಎರಡೂ ಬದಿಗೆ ತಾಗುವಂತೆ ಕತ್ತರಿಸಿದರೆ ಬೆಂಡ್ ನೋಡುವ ಸ್ಟ್ಯಾಂಡ್ ತಯಾರು.

ಇಲ್ಲಿ ಅವಸರ ಸಲ್ಲದು. ಮೊದಲು ಎಲ್ಲ ನಿಪ್ಪಲ್‌ಗಳನ್ನೂ ಎಳೆ ಮರೆಯಾಗುವವರೆಗೆ ಮಾತ್ರ ತಿರುಗಿಸಿದೆ. ಆಮೇಲೆ ಒಂದೊಂದು ಸಲಕ್ಕೆ ಅರ್ಧರ್ಧ ಸುತ್ತು, ಕೊನೆಗೆ ಕಾಲು ಕಾಲು. ಮೇಲೆ-ಕೆಳಗಿನ ಏರುಪೇರನ್ನು ಮೊದಲು ತೆಗೆದು, ಅಡ್ಡ ಬೆಂಡನ್ನು ಆಮೇಲೆ. ಅಡ್ಡ ಬೆಂಡ್ ಕಣ್ಣಿಗೆ ಕುಕ್ಕುವುದರಿಂದ ಕೈ ಅಲ್ಲಿಗೇ ಓಡುತ್ತದೆ, ಆದರೆ ಬಿಗಿ ಏರಿದ ಮೇಲೆ ಏರುಪೇರು ತೆಗೆಯಲು ಆಗುವುದಿಲ್ಲ. ಬಲಬದಿಗೆ 115 ಕೆ.ಜಿ., ಎಡಬದಿಗೆ 70ರ ಆಸುಪಾಸು ಬಂದಾಗ ನಿಲ್ಲಿಸಿದೆ. ಬಲ ಫ್ಲೇಂಜ್ ಗೇರುಗಳಿಗೆ ಜಾಗ ಬಿಟ್ಟು ನಡುವಿಗೆ ಸರಿದಿರುವುದರಿಂದ ಎರಡು ಬದಿಗೂ ಒಂದೇ ಬಿಗಿ ಬರುವುದು ಸಾಧ್ಯವೇ ಇಲ್ಲ. ನೋಡಬೇಕಾದದ್ದು ಒಂದೇ ಬದಿಯ ಕಡ್ಡಿಗಳು ಪರಸ್ಪರ ಸಮನಾಗಿವೆಯೇ ಎಂಬುದನ್ನು. ಮೀಟರ್ ಇಲ್ಲದವರು ಬೆರಳಿನಿಂದ ಮೀಟಿ ಸ್ವರ ಕೇಳಬಹುದು.

ಕೊನೆಯ ಕೆಲಸವೇ ಕಾರ್ಖಾನೆಯ ಚಕ್ರದಲ್ಲಿ ಬಿಟ್ಟುಹೋಗುವುದು. ಒಂದೇ ಬದಿಯ ಪಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಜೋರಾಗಿ ಹಿಂಡಬೇಕು. ಟಿಣ್ ಟಿಣ್ ಎಂದು ಸದ್ದಾಗಿ, ತಿರುಚಿಕೊಂಡಿದ್ದ ಕಡ್ಡಿಗಳು ಬಿಡಿಸಿಕೊಳ್ಳುತ್ತವೆ, ಕುತ್ತಿಗೆಗಳು ಫ್ಲೇಂಜಿಗೆ ಒರಗಿ ಕೂರುತ್ತವೆ. ಬಿಗಿ ಸ್ವಲ್ಪ ಇಳಿಯುತ್ತದೆ, ಮತ್ತೆ ಏರಿಸಬೇಕು. ಹಿಂಡಿದಾಗ ಸದ್ದು ನಿಲ್ಲುವವರೆಗೂ ಇದೇ ಕೆಲಸ. ಕೈಗೆ ಬೊಬ್ಬೆ ಬಂದಿದೆ, ಅಣ್ಣ ನೋಡಿ ನಕ್ಕರು.

ಆಟಿ

ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳ) ಮಳೆ ಬಿಟ್ಟ ಹೊತ್ತಿನಲ್ಲೆಲ್ಲ ಓಡಿಸಿದ್ದೇನೆ. ಹಿರಿಯಡಕದ ಕಡೆಯ ಕಾಂಕ್ರೀಟು, ಸ್ವರ್ಣಾ ನದಿಯ ಬದಿಯ ಕೆಸರು, ನಾಟಿಯಾದ ಗದ್ದೆಗಳ ಕಟ್ಟಪುಣಿ (ಬದು), ಮತ್ತೆ ಅದೇ ಮುರಕಲ್ಲಿನ ಇಳಿಜಾರು. ಬೆಂಡ್ ಅರ್ಧ ಮಿಲಿಮೀಟರಿನೊಳಗೆ ಇದೆ. ಎಡಬದಿಯ ಒಂದೆರಡು ನಿಪ್ಪಲ್ ಕಾಲು ಸುತ್ತು ಕೇಳಿದವು, ಅಷ್ಟೇ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ನುಲಿದಂತಾಗಿ ಒಂದು ಕ್ಷಣ ತಡವಾಗಿ ನಿಲ್ಲುತ್ತಿತ್ತು, ಅದು ಪೂರ್ತಿ ಹೋಗಿದೆ. ಬ್ರೇಕಿನದೇ ದೋಷ ಎಂದುಕೊಂಡು ಹೊಸ ಪ್ಯಾಡ್ ಹಾಕಿಸುವವರಿದ್ದರೆ ಒಮ್ಮೆ ಕಡ್ಡಿ ಮೀಟಿ ನೋಡಲಿ.

ಹಬ್ ಬಿಚ್ಚಿ ನೋಡಿದೆ. ಎಡಬದಿ ಶುದ್ಧ. ಬಲಬದಿಯ ಗ್ರೀಸ್ ಅಂಚಿನಲ್ಲಿ ಕೆಂಪಗಾಗಿದೆ, ಗುಂಡುಗಳಿಗೆ ಏನೂ ಆಗಿಲ್ಲ. ಮಲ್ಪೆ ಬಂದರಿನ ಬಳಿ ಬೋಟಿನ ಸಾಮಾನು ಮಾರುವಲ್ಲಿಂದ ನೀರಿಗೆ ತೊಳೆದುಹೋಗದ ಕ್ಯಾಲ್ಸಿಯಂ ಗ್ರೀಸ್ ತಂದು ತುಂಬಿದೆ. ಕೋನ್ ಬಿಗಿಯುವಾಗ ಕೂದಲೆಳೆಯಷ್ಟು ಸಡಿಲ ಬಿಟ್ಟಿದ್ದೇನೆ. ಕ್ವಿಕ್ ರಿಲೀಸ್ ಅದುಮಿದಾಗ ಅದು ಸರಿಹೋಗುತ್ತದೆ. ಕೆಸರು ತೊಳೆಯಲು ಬಕೆಟ್ ನೀರು ಮತ್ತು ಬ್ರಷ್ ಸಾಕು. ವಾಹನ ತೊಳೆಯುವಲ್ಲಿಯ ಜೋರು ಪೈಪನ್ನು ಹಬ್‌ಗೆ ಹಿಡಿದರೆ ಯಾವ ಸೀಲೂ ತಡೆಯುವುದಿಲ್ಲ.

ಮುಂದಿನ ಚಕ್ರವನ್ನೂ ಬದಲಿಸಬೇಕೇ ಎಂದು ಯೋಚಿಸಿ ಸದ್ಯಕ್ಕೆ ಬೇಡ ಎಂದಿದ್ದೇನೆ. ಅದರ ಮೇಲೆ ಭಾರ ಕಡಿಮೆ, ಗೇರುಗಳಿಲ್ಲದ್ದರಿಂದ ಆಕ್ಸಲ್‌ಗೆ ಎರಡೂ ತುದಿಯಲ್ಲಿ ಆಧಾರವಿದೆ, ಗಾಜಿನ ಮೇಲೆ ನೇರ ಉರುಳಿತು. ರಿಮ್ ಕೂಡ ನೆಟ್ಟಗಿದೆ. ಆದ್ದರಿಂದ ಅದರ ಕಡ್ಡಿಗಳನ್ನು ಸಮನಾಗಿ ಬಿಗಿದು, ಹಿಂಡಿ, ಗುಂಡು ಮಾತ್ರ ಬದಲಿಸುವುದು. ಗೆಳೆಯನ ಮೀಟರ್ ಅಷ್ಟಮಿಯವರೆಗೆ ನನ್ನ ಬಳಿಯೇ ಇರುತ್ತದೆ. ಅಂಗಡಿಯ ಅಣ್ಣ ತಮ್ಮಲ್ಲಿಗೆ ಬಂದ ಇನ್ನೊಂದು ಸೈಕಲಿನ ಹಿಂದಿನ ಚಕ್ರಕ್ಕೂ ಅದನ್ನು ಒಮ್ಮೆ ತರಲು ಹೇಳಿದ್ದಾರೆ, ಶನಿವಾರ ಒಯ್ಯಬೇಕು.