ಡುಪಾಂಟ್ ಸರ್ಕಲ್ಲಿನ ಬೆಂಚಿನಿಂದ ಸೆನೆಟ್ ಕಚೇರಿಯವರೆಗೆ

22 ಜೂನ್ 2025, ಭಾನುವಾರ

ಥಾಮಸ್ ಮ್ಯಾಲನ್ ಬರೆದ ‘ಫೆಲೋ ಟ್ರಾವೆಲರ್ಸ್’ ಇವತ್ತು ಮಧ್ಯಾಹ್ನ ಮುಗಿಯಿತು. 2007ರಲ್ಲಿ ಬಂದ ಕಾದಂಬರಿ. ಅದನ್ನು ಆಧರಿಸಿ 2023ರಲ್ಲಿ ಬಂದ ಟಿವಿ ಸರಣಿಯನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರಬಹುದು. ನಾನು ಬೇಕಂತಲೇ ನೋಡಿರಲಿಲ್ಲ. ಪುಸ್ತಕವನ್ನು ಏನೂ ಗೊತ್ತಿಲ್ಲದೆ ಓದಬೇಕು ಅನ್ನೋ ಆಸೆ.

ಕತೆ ನಡೆಯುವುದು 1950ರ ದಶಕದ ವಾಷಿಂಗ್ಟನ್‌ನಲ್ಲಿ. ಸೆನೆಟರ್ ಜೋಸೆಫ್ ಮೆಕಾರ್ಥಿ ಮೂಲೆಮೂಲೆಯಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲ ಅದು. 1953ರ ಏಪ್ರಿಲ್ 27ರಂದು ಅಧ್ಯಕ್ಷ ಐಸೆನ್‌ಹೋವರ್ 10450ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಕೇಂದ್ರ ಸರ್ಕಾರದ ನೌಕರಿಗೆ ಯಾರು ತಕ್ಕವರಲ್ಲ ಅಂತ ತೀರ್ಮಾನಿಸುವ ಕಾರಣಗಳಲ್ಲಿ ‘ಲೈಂಗಿಕ ವಿಕೃತಿ’ಯನ್ನೂ ಸೇರಿಸಿದ್ದರು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದ್ದಕ್ಕೇ ಸಾವಿರಾರು ಜನ ಕೆಲಸ ಕಳೆದುಕೊಂಡರು. ಇಂಥವರನ್ನು ರಷ್ಯಾದವರು ಬ್ಲ್ಯಾಕ್‌ಮೇಲ್ ಮಾಡಬಹುದು ಅನ್ನುವುದು ಸರ್ಕಾರ ಕೊಟ್ಟ ಕಾರಣ. ಆದರೆ ಗುಟ್ಟು ಹೊರಬಿದ್ದರೆ ಅನ್ನ ಕಿತ್ತುಕೊಳ್ಳುವುದು ಯಾರು? ಅದೇ ಸರ್ಕಾರ. ಓದ್ತಾ ಓದ್ತಾ ಮೈ ಉರಿಯಿತು.

ಇಂಥ ಊರಿಗೆ ಟಿಮ್ ಲಾಫ್ಲಿನ್ ಬರುತ್ತಾನೆ. ಆಗಷ್ಟೇ ಕಾಲೇಜು ಮುಗಿಸಿದ, ನ್ಯೂಯಾರ್ಕಿನ ಐರಿಷ್ ಕ್ಯಾಥೊಲಿಕ್ ಮನೆಯ ಹುಡುಗ. ಡುಪಾಂಟ್ ಸರ್ಕಲ್ ಪಾರ್ಕಿನ ಬೆಂಚಿನ ಮೇಲೆ ಕೂತು ಹಾಲು ಕುಡಿಯುತ್ತಿರುತ್ತಾನೆ. ಅಲ್ಲಿಗೆ ಹಾಕಿನ್ಸ್ ಫುಲ್ಲರ್, ಎಲ್ಲರ ಬಾಯಲ್ಲಿ ಹಾಕ್, ಬರುತ್ತಾನೆ. ವಿದೇಶಾಂಗ ಇಲಾಖೆಯಲ್ಲಿ ಕೆಲಸ, ಚೆಲುವ, ಯಾವುದಕ್ಕೂ ಅಂಜದವನು. ಒಂದಿಷ್ಟು ಮಾತು, ಅಷ್ಟೇ. ಆಮೇಲೆ ಟಿಮ್‌ಗೆ ಮಿಷಿಗನ್‌ನ ಸೆನೆಟರ್ ಚಾರ್ಲ್ಸ್ ಪಾಟರ್ ಅವರ ಕಚೇರಿಯಲ್ಲಿ ಕೆಲಸ ಸಿಗುತ್ತದೆ, ಹಾಕ್‌ನ ಕೃಪೆಯಿಂದ. ಈ ಪಾಟರ್ ನಿಜವಾಗಿ ಇದ್ದವರು. ಎರಡನೇ ಮಹಾಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡವರು, ಮೆಕಾರ್ಥಿಯ ಉಪಸಮಿತಿಯಲ್ಲೇ ಸದಸ್ಯರಾಗಿದ್ದವರು. ಅಂದ್ರೆ ಹುಡುಗನ ಪ್ರೀತಿಯೂ ಹುಡುಗನ ಸಂಬಳವೂ ಬೇಟೆ ನಡೆಯುವ ಕಟ್ಟಡದ ಒಳಗೇ ಇವೆ.

ನನ್ನನ್ನು ಹಿಡಿದು ಕೂರಿಸಿದ್ದು ಇದು. ಈ ಪುಸ್ತಕದಲ್ಲಿ ಬಂದೂಕು ಹಿಡಿದು ಅಟ್ಟಿಸಿಕೊಂಡು ಬರುವವರು ಯಾರೂ ಇಲ್ಲ. ಟೈಪಿಸ್ಟ್ ಒಬ್ಬಳು ಒಂದು ಕ್ಷಣ ಜಾಸ್ತಿ ನೋಡಿದರೆ ಸಾಕು, ಫೋನು ಹೊತ್ತಲ್ಲದ ಹೊತ್ತಿಗೆ ಬಾರಿಸಿದರೆ ಸಾಕು, ಜೀವ ಬಾಯಿಗೆ ಬರುತ್ತದೆ. ನಾನೂ ಕಚೇರಿಯಲ್ಲಿ ಕಡತಗಳ ನಡುವೆ ದುಡಿಯುವವನು. ಟಿಪ್ಪಣಿ ಹಾಳೆಯ ಮೇಲೆ ಯಾರೋ ಬರೆದ ಒಂದು ಸಾಲು ಎಷ್ಟು ದೂರ ಹೋಗುತ್ತದೆ ಅಂತ ನನಗೆ ಗೊತ್ತು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂನಿಂದ ಸುಪ್ರೀಂ ಕೋರ್ಟ್ ನಮ್ಮಂಥವರನ್ನು ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ನಾನು ನೌಕರಿಗೆ ಸೇರಿದ್ದು ಅದಕ್ಕಿಂತ ಮುಂಚೆ. ಊಟದ ಹೊತ್ತಲ್ಲಿ ಮದುವೆ ಮಾತು ಬಂದಾಗ ಏನು ಹೇಳಬೇಕು, ಎಷ್ಟು ನಗಬೇಕು ಅಂತ ಲೆಕ್ಕ ಹಾಕುತ್ತಿದ್ದ ದಿನಗಳು. ಟಿಮ್ ಕಾರಿಡಾರಿನಲ್ಲಿ ನಡೆಯುವಾಗಲೆಲ್ಲ ಅವನ ಪಕ್ಕದಲ್ಲೇ ನಡೆದೆ.

ಹಾಕ್‌ನನ್ನು ಸುಳ್ಳು ಪತ್ತೆ ಯಂತ್ರದ ಮುಂದೆ ಕೂರಿಸುವ ಭಾಗ ಓದುವಾಗ ರಾತ್ರಿ ಬಹಳ ಹೊತ್ತಾಗಿತ್ತು. ಪ್ರಶ್ನೆ ಕೇಳುವವರಿಗೂ ಉತ್ತರ ಗೊತ್ತು, ಹೇಳುವವನಿಗೂ ಗೊತ್ತು, ಓದುವ ನಮಗಂತೂ ಗೊತ್ತೇ ಇದೆ. ಸೂಜಿ ಮಾತ್ರ ಅಲ್ಲಾಡಬಾರದು. ನಾನು ಉಸಿರು ಹಿಡಿದು ಕೂತಿದ್ದೆ. ಅಕ್ಕ ನೀರು ಕುಡಿಯೋಕೆ ಎದ್ದವಳು ಬಾಗಿಲಲ್ಲಿ ನಿಂತು, “ಇನ್ನೂ ಮಲಗಿಲ್ವೇನೋ? ಯಾರಿಗೇನಾಯ್ತು?” ಅಂದಳು. “ಇನ್ನೂ ಏನೂ ಆಗಿಲ್ಲ ಕಣೇ ಅಕ್ಕ, ಅದಕ್ಕೇ ಭಯ” ಅಂದೆ.

ಮಜಾ ಏನಂದ್ರೆ, ಇಬ್ಬರೂ ಕೊನೆಗೆ ಒಟ್ಟಿಗೆ ಬಾಳಲಿಲ್ಲ ಅನ್ನುವುದು ಶುರುವಿನಲ್ಲೇ ಗೊತ್ತಾಗುತ್ತದೆ. ಪುಸ್ತಕ ತೆರೆದುಕೊಳ್ಳುವುದು 1991ರಲ್ಲಿ, ಎಸ್ಟೋನಿಯಾದ ಟಾಲಿನ್‌ನಲ್ಲಿ. ಆದರೂ ಪುಟ ತಿರುಗಿಸುವ ಆತುರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಇತಿಹಾಸವೂ ಹಾಗೇ. 1954ರ ಜೂನ್ 9ರಂದು ಸೇನೆಯ ಪರ ವಕೀಲ ಜೋಸೆಫ್ ವೆಲ್ಚ್ ಸೆನೆಟ್ ವಿಚಾರಣೆಯ ನಡುವೆ ಟಿವಿ ಕ್ಯಾಮೆರಾಗಳ ಎದುರಲ್ಲೇ, ನಿಮಗೆ ಮಾನ ಮರ್ಯಾದೆ ಅನ್ನುವುದೇ ಇಲ್ಲವೇ ಅಂತ ಮೆಕಾರ್ಥಿಗೆ ನಾಚಿಕೆಯಾಗುವಂತೆ ಕೇಳಿದ್ದು ಎಲ್ಲರಿಗೂ ಗೊತ್ತು. ಹತ್ತು ದಿನಕ್ಕೆ, ಜೂನ್ 19ರಂದು, ವಯೋಮಿಂಗ್‌ನ ಸೆನೆಟರ್ ಲೆಸ್ಟರ್ ಹಂಟ್ ತಮ್ಮ ಕಚೇರಿಯಲ್ಲೇ ಗುಂಡು ಹಾರಿಸಿಕೊಂಡರು. ಅವರ ಮಗ ಶ್ವೇತಭವನದ ಎದುರಿನ ಲಾಫಯೆಟ್ ಪಾರ್ಕಿನಲ್ಲಿ, ಗಂಡಿನ ಸಂಗ ಬಯಸಿದ ಅನ್ನೋ ಆರೋಪದ ಮೇಲೆ, ಪೊಲೀಸರ ಕೈಗೆ ಸಿಕ್ಕಿದ್ದ. ಅದನ್ನು ಬಯಲು ಮಾಡುತ್ತೇವೆ, ಚುನಾವಣೆಯಿಂದ ಹಿಂದೆ ಸರಿ ಅಂತ ಎದುರು ಪಕ್ಷದ ಸೆನೆಟರ್‌ಗಳೇ ಒತ್ತಡ ಹಾಕಿದ್ದರು. ಇದು ಕಟ್ಟುಕತೆ ಅಲ್ಲ. ಮೊನ್ನೆ ಗುರುವಾರಕ್ಕೆ 71 ವರ್ಷವಾಯಿತು.

ಟಿಮ್‌ನನ್ನು ನಾನು ಮರೆಯಲಾರೆ. ಅವನು ಬರೀ ಸಂತ್ರಸ್ತ ಅಲ್ಲ. ಕಮ್ಯುನಿಸಂ ವಿರುದ್ಧದ ಹೋರಾಟದಲ್ಲಿ ಅವನಿಗೆ ಮನಸಾರೆ ನಂಬಿಕೆ ಇದೆ, ದೇವರಲ್ಲೂ ಇದೆ. ಚರ್ಚಿನಲ್ಲಿ ಪಾದ್ರಿಯ ಮುಂದೆ ತಪ್ಪೊಪ್ಪಿಗೆಗೆ ಹೋಗಲು ಅವನಿಗೆ ಆಗುವುದಿಲ್ಲ, ಯಾಕಂದ್ರೆ ಈ ಪ್ರೀತಿಗೆ ಪಶ್ಚಾತ್ತಾಪ ಪಡು ಅಂದರೆ ಅವನ ನಾಲಿಗೆ ಏಳುವುದಿಲ್ಲ. ಅಷ್ಟು ಸತ್ಯವಂತ. ಹಾಕ್ ಮೇಲೆ ಮಾತ್ರ ನನಗೆ ಇನ್ನೂ ಸಿಟ್ಟಿದೆ. ಕೊನೆಯ ಭಾಗದಲ್ಲಿ ಅವನು ಮಾಡುವ ಒಂದು ಕೆಲಸ ಓದಿ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿಬಂದೆ. ಏನು ಅಂತ ಇಲ್ಲಿ ಬರೆಯೋದಿಲ್ಲ, ನೀವೇ ಓದಿ. ಹಾಗಂತ ಅವನನ್ನು ದ್ವೇಷಿಸೋಕೂ ಆಗಲಿಲ್ಲ. ಮ್ಯಾಲನ್ ಅವನಿಗೆ ಅಷ್ಟು ಜೀವ ತುಂಬಿದ್ದಾರೆ.

ನಡುವೆ ಪಾರ್ಟಿಗಳು, ಸೆನೆಟರ್‌ಗಳು, ಅವರ ಸಹಾಯಕರು ಅಂತ ಹೆಸರುಗಳು ಸ್ವಲ್ಪ ಜಾಸ್ತಿಯೇ ಆದವು. ಅಲ್ಲಿ ತಾಳ್ಮೆ ಬೇಕು.

ನಮ್ಮಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’, ಗಂಡನ್ನು ಪ್ರೀತಿಸುವ ಗಂಡಿನ ಕತೆಗಳ ಸಂಕಲನ, 2013ರಲ್ಲೇ ಬಂತು, ನನ್ನಂಥ ಎಷ್ಟೋ ಜನರಿಗೆ ಆಸರೆಯಾಯಿತು. ಈಗ ವಿಧಾನಸೌಧದ ಒಳಗೆ ನಡೆಯುವ ಇಂಥದೊಂದು ಕತೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು. ಅಧಿವೇಶನ, ವರ್ಗಾವಣೆ ಪಟ್ಟಿ, ಶಾಸಕರ ಆಪ್ತ ಸಹಾಯಕ, ಅವನು ಪ್ರೀತಿಸುವ ಹುಡುಗ. ನಾನಂತೂ ಮೊದಲ ದಿನವೇ ಕೊಳ್ಳುತ್ತೇನೆ.

ಮುಂದಿನ ಶನಿವಾರ ಸರಣಿ ನೋಡಲು ಶುರು. ಅದರಲ್ಲಿ ಮಾರ್ಕಸ್ ಅನ್ನುವ ಆಫ್ರಿಕನ್ ಅಮೆರಿಕನ್ ಪತ್ರಕರ್ತನನ್ನು ಹೊಸದಾಗಿ ಸೇರಿಸಿದ್ದಾರೆ, ಕತೆಯನ್ನು 1986ರ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಒಯ್ದಿದ್ದಾರೆ. ಅಕ್ಕನೂ ಜೊತೆಗೆ ಕೂರ್ತೀನಿ ಅಂದಿದ್ದಾಳೆ.