ಟೆಂಡರ್ ನಡುವೆ ರೀಸ್ಟಾರ್ಟ್

ಬೆಳೆಗಾರರ ಅಡಿಕೆಯನ್ನು ಟೆಂಡರ್ ಕರೆದು ವ್ಯಾಪಾರಿಗಳಿಗೆ ಮಾರುವ ಶಿರಸಿಯ ವಖಾರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಲಾಟ್ (ಮಾರಾಟಕ್ಕಿಟ್ಟ ಅಡಿಕೆಯ ಒಂದೊಂದು ಪಾಲು) ಎಂಟ್ರಿ, ವ್ಯಾಪಾರಿಗಳು ದರ ಬರೆದುಕೊಡುವ ಟೆಂಡರ್ ಚೀಟಿ, ಬೆಳೆಗಾರರ ಲೆಕ್ಕದ ಪಟ್ಟಿ ಪ್ರಿಂಟ್ ಎಲ್ಲವೂ ಒಂದೇ ಮಷಿನ್ನಿನ ಮೇಲೆ. ಇನ್ನೊಂದು ಕೊಡಿಸಿ ಅಂದರೆ ಮ್ಯಾನೇಜರ್ ಕೇಳುವುದು ಒಂದೇ ಮಾತು: "ಇದ್ದಿದ್ದು ಕೆಟ್ಟಿದ್ಯಾ?"

ವಿಂಡೋಸ್ ಅಪ್‌ಡೇಟ್ ಕಾಟ ನಮಗೆ ಬಹಳ ಕಾಲ ಇರಲೇ ಇಲ್ಲ. ಆಗ ನೆಟ್ ಬರುತ್ತಿದ್ದದ್ದು ಡಾಂಗಲ್‌ನಿಂದ. ಡೇಟಾ ಉಳಿಯಲಿ ಎಂದು ಆ ಕನೆಕ್ಷನ್ನನ್ನು ಸೆಟ್ಟಿಂಗ್ಸ್‌ನಲ್ಲಿ 'ಮೀಟರ್ಡ್', ಅಂದರೆ ಡೇಟಾ ಅಳೆದು ಬಳಸುವ ಕನೆಕ್ಷನ್, ಎಂದು ಮಾಡಿಟ್ಟಿದ್ದೆ. ಹಾಗಿದ್ದರೆ ವಿಂಡೋಸ್ 10 ಹೆಚ್ಚಿನ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ಆಮೇಲೆ ಫೈಬರ್ ಬಂತು, ಹೊಸ ವೈಫೈ ಬಂತು. ಮೀಟರ್ಡ್ ಅನ್ನೋದು ಕಂಪ್ಯೂಟರಿಗೆ ಹಾಕಿದ ಬೀಗ ಅಂದುಕೊಂಡಿದ್ದೆ. ಅಲ್ಲ. ಅದು ಒಂದೊಂದು ನೆಟ್‌ವರ್ಕಿಗೆ ಬೇರೆ ಬೇರೆ. ಹೊಸ ವೈಫೈ ಹೆಸರಿಗೆ ಅದು ಆಫ್ ಆಗಿಯೇ ಇತ್ತು. ತಡೆದಿಟ್ಟಿದ್ದೆಲ್ಲ ಸದ್ದಿಲ್ಲದೆ ಇಳಿದು ಕೂತಿತ್ತು.

ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ) ಜೋರಾಗಿ ಬರುವ ಸಮಯ. ಅವತ್ತು ಲಾಟ್ ಜಾಸ್ತಿ, ವ್ಯಾಪಾರಿಗಳೂ ಜಾಸ್ತಿ. ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಟೆಂಡರ್ ಮುಗಿದು ಚಾಲಿ ಚೀಟಿ ಕೈಗೆ ಬರುವಾಗಲೇ ಸಂಜೆ ಐದು ದಾಟಿತ್ತು. ಅರ್ಧ ಎಂಟ್ರಿ ಮಾಡಿ, ಒಂದು ಚೀಟಿಯಲ್ಲಿ ಏಳೋ ಒಂದೋ ಗೊತ್ತಾಗದೆ ಬರೆದವರನ್ನೇ ಹುಡುಕಿಕೊಂಡು ಹೊರಗೆ ಹೋದೆ. ಅವರು ಚಹಾ ಕುಡಿಯುತ್ತಿದ್ದರು. ಮಾತು ಬೆಳೆಯಿತು. ವಾಪಸ್ ಬಂದರೆ ನೀಲಿ ಪರದೆ, ಸುತ್ತುವ ಚುಕ್ಕಿಗಳು, ಶೇಕಡಾ ಲೆಕ್ಕ, ಕೆಳಗೆ 'ಕಂಪ್ಯೂಟರ್ ಆಫ್ ಮಾಡಬೇಡಿ'.

'ಆಕ್ಟಿವ್ ಅವರ್ಸ್' ಅಂತ ಒಂದು ಸೆಟ್ಟಿಂಗ್ ಇದೆ. ಆ ಹೊತ್ತಿನಲ್ಲಿ ವಿಂಡೋಸ್ ತಾನಾಗಿ ರೀಸ್ಟಾರ್ಟ್ ಮಾಡುವುದಿಲ್ಲ. ನಾವು ಮುಟ್ಟದಿದ್ದರೆ ಅದು ಬೆಳಿಗ್ಗೆ 8ರಿಂದ ಸಂಜೆ 5. ಸರ್ಕಾರಿ ಆಫೀಸಿಗೆ ಸರಿ, ಅಡಿಕೆ ವಖಾರಿಗೆ ಅಲ್ಲ. ಐದು ದಾಟಿತ್ತು, ಮೌಸ್ ಯಾರೂ ಮುಟ್ಟಿರಲಿಲ್ಲ, ಅದರ ಲೆಕ್ಕದಲ್ಲಿ ಆಫೀಸ್ ಮುಗಿದಿತ್ತು. ಬೆಳಿಗ್ಗೆ ಮೂಲೆಯಲ್ಲಿ ಬಂದ ಸೂಚನೆಯನ್ನು ಸುಮ್ನೆ ಮುಚ್ಚಿದವನು ನಾನೇ.

"ಎರಡು ನಿಮಿಷ" ಅಂದೆ. ಆ ಮಾತು ಆಡಬಾರದಿತ್ತು. ಆ ಶೇಕಡಾಕ್ಕೂ ಗಡಿಯಾರಕ್ಕೂ ಸಂಬಂಧವೇ ಇಲ್ಲ. ಮೂವತ್ತರವರೆಗೆ ಸರಸರ ಹೋಗಿ ಅಲ್ಲೇ ನಿಂತಿತು. ಬಾಗಿಲ ಹತ್ತಿರ ಬೆಳೆಗಾರರು, ಕಿಟಕಿಯ ಹತ್ತಿರ ವ್ಯಾಪಾರಿಗಳು. ಹಿರಿಯ ಹೆಗಡೇರೊಬ್ಬರು ಇಣುಕಿ, "ಇನ್ನೂ ಆಜಿಲ್ಯನಾ ತಮಾ? ಆರು ಗಂಟೆ ಬಸ್ಸು ಹೋಗ್ತು" ಅಂದರು. ನೂರು ಮುಟ್ಟಿತು ಅನ್ನುವಾಗ ಮತ್ತೆ ರೀಸ್ಟಾರ್ಟ್, ಮತ್ತೆ ಮೊದಲಿನಿಂದ ಎಣಿಕೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಶುರು. ಅದರ ಬ್ಯಾಟರಿ ಬದಲಿಸಿ ಎಂದು ಬರೆದುಕೊಟ್ಟಿದ್ದ ಕಾಗದ ಇನ್ನೂ ಫೈಲಿನಲ್ಲೇ ಇತ್ತು. ಮ್ಯಾನೇಜರ್ ಬಂದು, "ಬಟನ್ ಒತ್ತಿ ಹಿಡ್ದು ಬಂದ್ ಮಾಡಿ ಮತ್ತೆ ಚಾಲೂ ಮಾಡೋ" ಎಂದು ಕೈ ಚಾಚಿದರು. ನಾನು ಸಿಪಿಯು ಮುಂದೆ ಅಡ್ಡ ಕೂತೆ. ಅರ್ಧಕ್ಕೆ ನಿಲ್ಲಿಸಿದರೆ, ಅದೃಷ್ಟ ಇದ್ದರೆ ಹಳೆಯದಕ್ಕೆ ಮರಳುತ್ತದೆ. ಇಲ್ಲದಿದ್ದರೆ ಬೂಟೇ ಆಗುವುದಿಲ್ಲ, ಪಟ್ಟಿ ಲೆಕ್ಕ ಎಲ್ಲ ಒಳಗೇ.

ಕರೆಂಟ್ ಬೇಗ ಬಂತು, ಬಚಾವ್. ಚಾಲಿಯ ಅರ್ಧ ಎಂಟ್ರಿ ಮಾತ್ರ ಸೇವ್ ಆಗಿರಲಿಲ್ಲ. ಅಕೌಂಟೆಂಟ್ ಚೀಟಿ ಓದಿದರು, ನಾನು ಮತ್ತೆ ಹೊಡೆದೆ. ಹೆಗಡೇರ ಬಸ್ಸು ತಪ್ಪಿತು.

ಮಾರನೇ ದಿನ ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಸಲಹೆ, ಅಪ್‌ಡೇಟನ್ನು ಪೂರ್ತಿ ತೆಗೆದೇ ಬಿಡು. ಸರ್ವಿಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಡಿಸೇಬಲ್ ಮಾಡಿದರೂ ಮೆಡಿಕ್ ಸರ್ವಿಸ್ ಅಂತ ಇನ್ನೊಂದು ಇದೆ, ಅದು ಎಬ್ಬಿಸಿ ಕೂರಿಸುತ್ತದೆ. ಗ್ರೂಪ್ ಪಾಲಿಸಿ ಅನ್ನುವ ಸೆಟ್ಟಿಂಗ್‌ನಲ್ಲಿ 'ಕೇಳಿ ಇಳಿಸು' ಅಂತ ಮಾಡಬಹುದಿತ್ತು, ಆದರೆ ಅದು ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿದೆ. ನಮ್ಮದು ಹೋಮ್. ಯಾಕೆ ಹೋಮ್ ಅಂದರೆ, ಕಡಿಮೆ ಬೆಲೆಗೆ ಸಿಕ್ಕಿತ್ತು. ಮತ್ತೆ, ಪೂರ್ತಿ ನಿಲ್ಲಿಸುವುದು ನನಗೂ ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಊರೂರಿನ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತಲ್ಲ, ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಆಮೇಲೆ ಮಾಡುತ್ತಿದ್ದದ್ದು ಹೀಗೆ. ಆಕ್ಟಿವ್ ಅವರ್ಸ್ ಬೆಳಿಗ್ಗೆ 6ರಿಂದ ರಾತ್ರಿ 11, ಗರಿಷ್ಠ 18 ಗಂಟೆ ಇಡಬಹುದು. ಹೊಸ ವೈಫೈಯೂ ಮೀಟರ್ಡ್. ತಿಂಗಳ ಎರಡನೇ ಮಂಗಳವಾರ ಅಮೆರಿಕದಲ್ಲಿ ಬೆಳಿಗ್ಗೆ ಬಿಡುವ ಅಪ್‌ಡೇಟ್ ನಮಗೆ ಬರುತ್ತಿದ್ದದ್ದು ರಾತ್ರಿ, ಅಂದರೆ ಬುಧವಾರ ಮಷಿನ್ ಆನ್ ಮಾಡಿದಾಗ ಕಾಯುತ್ತಿರುತ್ತಿತ್ತು. ಸುಗ್ಗಿಯಲ್ಲಿ ಸೋಮವಾರವೇ ಅಪ್‌ಡೇಟ್ ತಡೆದಿಡುವ 'ಪಾಜ್' ಬಟನ್ ಒತ್ತುತ್ತಿದ್ದೆ. ಅದು 35 ದಿನದ ತನಕ ಎಳೆಯುತ್ತದೆ, ಆಮೇಲೆ ಹಾಕಿಕೊಳ್ಳಲೇಬೇಕು. ನಾನು ಅಷ್ಟು ಎಳೆಯುತ್ತಿರಲಿಲ್ಲ. ಬರುವ ಭಾನುವಾರ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆದು, ಪಾಜ್ ಬಿಡಿಸಿ, ನಾನೇ ರೀಸ್ಟಾರ್ಟ್ ಕೊಟ್ಟು ಎದುರಿಗೆ ಕೂರುತ್ತಿದ್ದೆ. ಭಾನುವಾರದ ಓವರ್‌ಟೈಮ್ ಬಗ್ಗೆ ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ನಮ್ಮ ಹಳೆ ಮಷಿನ್ನಿನಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ, ವಿಂಡೋಸ್ 11ಕ್ಕೆ ಏರುವ ಹಾಗಿಲ್ಲ. ಹೊಸದರ ಕೊಟೇಶನ್ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋಗಿ, ಇನ್ನು ಇದಕ್ಕೆ ಅಪ್‌ಡೇಟ್ ಬರುವುದಿಲ್ಲ ಸರ್ ಅಂದೆ. ಅವರ ಮುಖ ಅರಳಿತು. "ಪೀಡೆ ಹೋಯ್ತಲ್ಲ ಮಾರಾಯ. ಮತ್ಯಾಕೆ ಹೊಸದು?"